ಎರಡು ಎಡದೋಳು

ಕುಡಿತ ಬಿಟ್ಟವರಲ್ಲಿ ಎರಡು ಪಂಗಡ. ಬಿಟ್ಟದ್ದನ್ನು ಯಾರಿಗೂ ಹೇಳದೆ ತೆಪ್ಪಗೆ ತಮ್ಮ ಪಾಡಿಗಿರುವವರು ಮೊದಲನೆಯವರು. ಬಿಟ್ಟದ್ದನ್ನೇ ಬಾಯಿಯಲ್ಲಿಟ್ಟುಕೊಂಡು ಊರೆಲ್ಲ ಜಗಿಯುವವರು ಎರಡನೆಯವರು. ಈ ದರ್ಜಿ ಎರಡನೆಯ ಪಂಗಡದವನು. ಅಳತೆ ಕೊಡಲು ಬಂದವರು ಕೈ ಚಾಚಿ ನಿಂತಿರುವಾಗ, ಅವರು ಓಡಿಹೋಗಲಾರರು ಎಂಬ ಧೈರ್ಯದಲ್ಲಿ ಶುರುಮಾಡುತ್ತಿದ್ದ. ಹೆಗಲ ಅಳತೆಗೆ ಬಂದಾಗ ಹತ್ತು ವರ್ಷ ಕುಡಿದದ್ದು, ಎದೆಯ ಅಳತೆಗೆ ಬಂದಾಗ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದು, ಸೊಂಟಕ್ಕೆ ಬರುವ ಹೊತ್ತಿಗೆ ಬಿಟ್ಟು ಮೂರು ವರ್ಷವಾದದ್ದು. ಕೊನೆಗೆ ಟೇಪನ್ನು ಕೊರಳಿಗೆ ಹಾಕಿಕೊಂಡು ಒಂದು ಮಾತು ಹೇಳುತ್ತಿದ್ದ.

"ನೋಡಿ ಸ್ವಾಮಿ, ಕಾಲು ಕುಡೀತು, ನಾಲಿಗೆ ಕುಡೀತು. ಸುಳ್ಳು ಯಾಕೆ ಹೇಳ್ಲಿ? ಆದರೆ ಈ ಕೈ ಮಾತ್ರ ಒಂದು ಹನಿ ಮುಟ್ಟಲಿಲ್ಲ. ಆ ಹತ್ತು ವರ್ಷದಲ್ಲಿ ನಾನು ಹೊಲಿದ ಒಂದು ಕೋಟು ಹಿಂದಕ್ಕೆ ಬಂದಿದೆಯಾ, ಕೇಳಿ ಯಾರನ್ನಾದ್ರೂ."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಮಾತಿಗೆ ಯಾರು ತಾನೆ ಎದುರಾಡುತ್ತಾರೆ? ಅದೂ ಅಲ್ಲದೆ ಅದು ನಿಜವಾಗಿತ್ತು. ಒಂದು ಕೋಟೂ ಹಿಂದಕ್ಕೆ ಬಂದಿರಲಿಲ್ಲ. ಅಂಗಡಿಯಲ್ಲಿ ಕುಡಿದು ಒರಗಿದವನು ಮಧ್ಯಾಹ್ನ ಎದ್ದು ನೋಡಿದರೆ ಹಿಂದಿನ ದಿನ ಕತ್ತರಿಸಿಟ್ಟಿದ್ದ ಬಟ್ಟೆ ಮೇಜಿನ ಮೇಲೆ ಇರುತ್ತಿರಲಿಲ್ಲ. ಸಂಜೆ ಹೆಂಡತಿಯನ್ನು ಕೇಳಿದರೆ, "ನೀವೇ ಮುಗಿಸಿ ಮಲಗಿದ್ರಲ್ಲ, ನಾನು ಒಯ್ದು ಕೊಟ್ಟು ಬಂದೆ" ಎನ್ನುತ್ತಿದ್ದಳು. ಹೊಲಿದದ್ದು ಅವನಿಗೆ ನೆನಪಿರುತ್ತಿರಲಿಲ್ಲ. ಆದರೆ ನೆನಪಿಲ್ಲದಿರುವುದು ಆಗ ಅವನಿಗೆ ಹೊಸದಾಗಿರಲಿಲ್ಲ. ನಿದ್ದೆಯಲ್ಲೂ ಹೊಲಿಯುವ ಕೈ ನನ್ನದು ಎಂದುಕೊಂಡು ಹೆಮ್ಮೆಪಟ್ಟಿದ್ದ.

ಅಂಗಡಿ ಇದ್ದದ್ದು ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ, ಶಾಲೆಯ ಗೇಟಿಗೆ ಎದುರಾಗಿ. ಮೇಲಿನ ಎರಡು ಕೋಣೆಗಳಲ್ಲಿ ಗಂಡಹೆಂಡತಿಯ ಸಂಸಾರ. ವರ್ಷದ ಕೊನೆಯ ರಜೆ ಹತ್ತಿರವಾದಂತೆ ಅಂಗಡಿಯೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ರಜೆಗೆ ಊರಿಗೆ ಹೋಗುವವರಿಗೆ ಹೊಸ ಬಟ್ಟೆ, ಮನೆಗೆ ನೆಂಟರು ಬರುವವರಿಗೆ ಹೊಸ ಬಟ್ಟೆ. ಎಲ್ಲರಿಗೂ ತಮ್ಮದೇ ಮೊದಲು ಆಗಬೇಕು. ಆ ಬೀದಿಯಲ್ಲಿ ಹಿಂದಿನಿಂದಲೂ ಒಂದು ರೂಢಿಯಿತ್ತು. ಬಟ್ಟೆಯ ಗಂಟಿನೊಳಗೆ ಒಂದು ಬಾಟಲಿ ಸುತ್ತಿಟ್ಟು ಕೊಟ್ಟರೆ ಆ ಗಂಟು ಸರದಿ ಹಾರಿ ಮುಂದಕ್ಕೆ ಬರುತ್ತಿತ್ತು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಸ್ವಲ್ಪ ಭಾರ ಇದೆ, ಜೋಪಾನ" ಎಂದರೆ ದರ್ಜಿಗೆ ತಿಳಿಯುತ್ತಿತ್ತು. ಹೀಗಾಗಿ ಎಲ್ಲರಿಗೂ ರಜೆ ಬಂದರೆ ದರ್ಜಿಗೆ ಕುಡಿತದ ಸುಗ್ಗಿ ಬರುತ್ತಿತ್ತು. ಕೆಲಸ ಹೆಚ್ಚಿದಷ್ಟೂ ಕುಡಿತ, ಕುಡಿತ ಹೆಚ್ಚಿದಷ್ಟೂ ಕೆಲಸ ಬಾಕಿ.

ಬಿಟ್ಟ ಮೇಲೆ ಗಿರಾಕಿಗಳೂ ತಿಳಿದುಕೊಂಡರು. ಗಂಟಿನೊಳಗೆ ಬಿಸ್ಕತ್ತಿನ ಪೊಟ್ಟಣ, ಚಹಾಪುಡಿ ಬರತೊಡಗಿದವು. ಪ್ರತಿ ಭಾನುವಾರ ಬೆಳಿಗ್ಗೆ ಶಾಲೆಯ ಒಂದು ಕೋಣೆಯಲ್ಲಿ ಕುಡಿತ ಬಿಟ್ಟವರ ಸಭೆ ಸೇರುತ್ತಿತ್ತು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ ಹದಿನೈದಿಪ್ಪತ್ತು ಜನ. ಅದನ್ನು ನಡೆಸುತ್ತಿದ್ದವರು ಕೆಲಸದಿಂದ ನಿವೃತ್ತರಾದ ಒಬ್ಬ ಲಾರಿ ಡ್ರೈವರು. ರಜೆಯ ನಡುವಿನ ಭಾನುವಾರ ಮನೆಯವರನ್ನೂ ಕರೆದು, ಒಬ್ಬೊಬ್ಬರಾಗಿ ಎದ್ದು ಯಾರಿಗೆ ಋಣಿ ಎಂದು ಹೇಳುವುದು ಅಲ್ಲಿಯ ಪದ್ಧತಿ. ಈ ವರ್ಷ ಮೊದಲು ಮಾತಾಡುವ ಸರದಿ ದರ್ಜಿಯದು. ಅವನು ಮಾತನ್ನು ತಿಂಗಳ ಮೊದಲೇ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿಟ್ಟುಕೊಂಡಿದ್ದ. ಆಸ್ಪತ್ರೆಯ ಡಾಕ್ಟರಿಗೆ ಒಂದು ಕೃತಜ್ಞತೆ, ಡ್ರೈವರಿಗೆ ಒಂದು, ಹೆಂಡತಿಯ ತಾಳ್ಮೆಗೆ ಒಂದು. ಕೊನೆಗೆ, ಎಂಥ ಕಾಲದಲ್ಲೂ ಕೈಬಿಡದ ಈ ಎರಡು ಕೈಗಳಿಗೆ.

ಸಭೆಗೆ ಹತ್ತು ದಿನ ಇರುವಾಗ ಹಲ್ಲಿನ ಡಾಕ್ಟರು ಒಂದು ಹಳೆಯ ಕೋಟು ತಂದರು. ಐದು ವರ್ಷದ ಹಿಂದೆ ರಜೆಯ ಸಮಯದಲ್ಲಿ ಇವನೇ ಹೊಲಿದದ್ದು. ಡಾಕ್ಟರ ಹೊಟ್ಟೆ ಈಚೆಗೆ ಕೋಟಿನ ಮಾತು ಕೇಳುತ್ತಿರಲಿಲ್ಲ.

"ಬಿಡಿಸಿ ಕೊಡೋಕೆ ಆಗುತ್ತಾ? ಎರಡು ಸಲ ತಂದಿದ್ದೆ, ನಿಮ್ಮ ಮನೆಯವ್ರು ಕೆಲಸ ಜಾಸ್ತಿ ಅಂತ ವಾಪಸ್ ಕಳಿಸಿಬಿಟ್ರು."

"ಅವಳಿಗೇನು ಗೊತ್ತಾಗುತ್ತೆ ಸಾರ್! ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರ್ತೀನಿ ನಾನು, ಹೊಟ್ಟೆ ಬೆಳೆಯೋದು ನನಗೆ ಮೊದಲೇ ಗೊತ್ತಿರುತ್ತೆ. ಕೊಡಿ, ಅರ್ಧ ಗಂಟೆ ಕೆಲಸ."

ಆ ದಿನ ಹೆಂಡತಿ ಅಂಗಡಿಯಲ್ಲಿರಲಿಲ್ಲ. ಅವಳ ಅಕ್ಕನಿಗೆ ಮೈ ಸರಿಯಿಲ್ಲವೆಂದು ನೋಡಲು ಹೋಗಿದ್ದಳು. ದರ್ಜಿ ಕೋಟನ್ನು ಒಳಮೈ ಹೊರಗಾಗಿ ತಿರುಗಿಸಿ, ಲೈನಿಂಗಿನ ಹೊಲಿಗೆ ಬಿಚ್ಚಿ, ಕಂಕುಳವರೆಗೂ ಹೋದ. ಅಲ್ಲಿ ಅವನ ಕೈ ನಿಂತಿತು.

ಆ ಬಟ್ಟೆಗೆ ಒಳ್ಳೆಯ ಮೈ ಒಂದು, ಮಂಕಾದ ಮೈ ಒಂದು. ಎಡದ ತೋಳಿನಲ್ಲಿ ಒಳ್ಳೆಯ ಮೈ ಹೊರಗಿತ್ತು, ಇರಬೇಕಾದ ಹಾಗೆ. ಬಲದ ತೋಳಿನಲ್ಲಿ ಒಳ್ಳೆಯ ಮೈ ಒಳಗೆ ಲೈನಿಂಗಿಗೆ ಅಂಟಿಕೊಂಡು, ಐದು ವರ್ಷ ಬಿಸಿಲು ಕಾಣದೆ, ನಿನ್ನೆ ನೇಯ್ದಷ್ಟು ಹೊಸದಾಗಿ ಹೊಳೆಯುತ್ತಿತ್ತು. ಯಾಕೆ ಹೀಗೆ ಎಂಬುದು ತಿಳಿಯಲು ದರ್ಜಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಒಂದು ತೋಳು ಕತ್ತರಿಸಿದ ಮೇಲೆ ಕಾಗದದ ನಕ್ಷೆಯನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಎಡದ ತೋಳೇ ಆಗುತ್ತವೆ. ಕೆಲಸ ಕಲಿಯಲು ಬಂದವರು ಮೊದಲ ತಿಂಗಳಲ್ಲಿ ಮಾಡುವ ತಪ್ಪು ಅದು. ಅವನು ಡಾಕ್ಟರಿಗೆ ಎರಡು ಎಡದೋಳು ಕತ್ತರಿಸಿಟ್ಟಿದ್ದ. ಬೇರೆ ಬಟ್ಟೆ ಇಲ್ಲದೆ ಯಾರೋ ಒಂದನ್ನು ಒಳಮೈ ಹೊರಗೆ ಮಾಡಿ ಬಲದ ತೋಳಾಗಿಸಿ, ಬಣ್ಣದ ವ್ಯತ್ಯಾಸ ತಿಳಿಯದಂತೆ ಎರಡೂ ಕೈಗಳ ತುದಿಗೆ ಕಪ್ಪು ಪಟ್ಟಿ ಕೊಟ್ಟು ಮುಗಿಸಿದ್ದರು. ಆ ಪಟ್ಟಿಯನ್ನು ಡಾಕ್ಟರು ಹೊಸ ಫ್ಯಾಷನ್ ಎಂದು ಹೊಗಳಿದ್ದರು. ಇವನು ಹೌದು ಎಂದು ತಲೆಯಾಡಿಸಿದ್ದ.

ಯಾರೋ ಎಂದರೆ ಯಾರು? ಅದೂ ಅಲ್ಲಿಯೇ ಬರೆದಿಟ್ಟಂತಿತ್ತು. ಹೊಲಿಗೆ ಮುಗಿಯುವಲ್ಲೆಲ್ಲ ಕೈಯಿಂದ ಹಾಕಿದ ಒಂದು ಗಂಟು, ಮೂರು ಅಡ್ಡ ಎಳೆ, ಅವುಗಳ ಮೇಲೆ ಒಂದು ಸುತ್ತು. ಮೂಟೆಯ ಬಾಯಿ ಕಟ್ಟುವ ಗಂಟಿನ ಹಾಗೆ. ಅದನ್ನು ಇಡೀ ಊರಿನಲ್ಲಿ ಒಬ್ಬರೇ ಹಾಕುತ್ತಿದ್ದರು.

ಹಿಂದಿನ ಬೀದಿಯಲ್ಲಿ ಅವರ ಹೊಲಿಗೆ ಅಂಗಡಿ. ವಯಸ್ಸಿನಲ್ಲಿ ದರ್ಜಿಗಿಂತ ಹತ್ತು ವರ್ಷ ಹಿರಿಯರು. ಇಬ್ಬರೂ ಕೋಟು ಹೊಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ಗಿರಾಕಿಗಳ ಎದುರಿಗೇ ದರ್ಜಿ ಆ ಗಂಟನ್ನು ತೋರಿಸಿ, "ಇದು ಕೋಟಲ್ಲ, ಗೋಣಿಚೀಲ. ಇವರು ಟೈಲರ್ ಮೇಷ್ಟ್ರಲ್ಲ, ಗೋಣಿ ಮೇಷ್ಟ್ರು" ಎಂದಿದ್ದ. ಜನ ನಕ್ಕಿದ್ದರು. ಹೆಸರು ಅಂಟಿತು. ಅಂಟಿದ ಹೆಸರಿನ ಜೊತೆ ಕೆಲಸವೂ ಹೋಯಿತು. ಗೋಣಿ ಮೇಷ್ಟ್ರ ಹತ್ತಿರ ಕೋಟು ಹೊಲಿಸಿದೆ ಎಂದು ಯಾರು ಹೇಳಿಕೊಳ್ಳುತ್ತಾರೆ? ಆಮೇಲೆ ಅವರಿಗೆ ಸಿಕ್ಕಿದ್ದು ಕಿಟಕಿಯ ಪರದೆ, ದಿಂಬಿನ ಚೀಲ, ಹರಿದ ಹಾಸಿಗೆ.

ದರ್ಜಿ ಕೋಟನ್ನು ಮಡಚಿಟ್ಟು ಬಾಗಿಲ ಕಡೆ ನೋಡಿದ. ಯಾರೂ ನೋಡಿರಲಿಲ್ಲ. ಆದರೂ ಕಿವಿಯವರೆಗೂ ಬಿಸಿಯಾಗಿತ್ತು. ಒಂದು ಕೋಟಿರಬಹುದು, ಎಂದುಕೊಂಡ. ಯಾವುದೋ ಒಂದು ಕೆಟ್ಟ ದಿನ, ಒಂದೇ ಒಂದು ಕೋಟು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನಲ್ಲ, ಅದರ ಹಾಗೆ ಆ "ಒಂದೇ ಒಂದು" ಎಂಬುದನ್ನು ಹಿಡಿದುಕೊಂಡ. ಮರುದಿನ ಬೆಳಿಗ್ಗೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದ: ರಜೆಯ ಪ್ರಯುಕ್ತ, ಇಲ್ಲಿ ಹೊಲಿಸಿದ ಹಳೆಯ ಕೋಟುಗಳಿಗೆ ಉಚಿತ ಇಸ್ತ್ರಿ.

ಹೆಂಡತಿ ಚಹಾ ತಂದವಳು ರಟ್ಟನ್ನು ಓದಿದಳು. ಲೋಟವನ್ನು ಮೇಜಿನ ಮೇಲಿಡುವಾಗ ಚಹಾ ಸ್ವಲ್ಪ ತುಳುಕಿತು.

"ಸುಗ್ಗಿ ಕಾಲದಲ್ಲಿ ಇದೆಲ್ಲ ಯಾಕ್ರೀ?"

"ಗಿರಾಕಿಗಳಿಗೂ ಖುಷಿ ಆಗ್ಲಿ ಅಂತ."

ಅವಳು ಚೆಲ್ಲಿದ ಚಹಾವನ್ನು ಬಟ್ಟೆಯ ಚೂರಿನಿಂದ ಒರೆಸಿ ಮೇಲಕ್ಕೆ ಹೋದಳು. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಆ ವಾರವಿಡೀ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಪ್ಪು ಕೊಡು, ನೀರು ಕೊಡು ಎಂಬಷ್ಟರಲ್ಲೇ ಊಟ ಮುಗಿಸಿದರು.

ಉಚಿತ ಎಂದರೆ ಜನ ಬಿಡುತ್ತಾರೆಯೆ? ಬಂದವು ಕೋಟುಗಳು. ಪೆಟ್ಟಿಗೆಯಿಂದ ಎದ್ದವು, ಗೂಟದಿಂದ ಇಳಿದವು. ದರ್ಜಿ ಪ್ರತಿಯೊಂದನ್ನೂ ಒಳಗೆ ತೆಗೆದುಕೊಂಡು ಹೋಗಿ, ಲೈನಿಂಗಿನ ಮೂಲೆ ಎರಡು ಬೆರಳಷ್ಟು ಬಿಚ್ಚಿ ಇಣುಕಿ ಮತ್ತೆ ಹೊಲಿದು, ಇಸ್ತ್ರಿ ಮಾಡಿ ಕೊಟ್ಟ. ಔಷಧಿ ಅಂಗಡಿಯವರ ಕೋಟಿನ ಕಾಲರು ಬಿಚ್ಚಿ ಮತ್ತೆ ಕೂರಿಸಿದ್ದು, ಮೂಟೆಗಂಟು. ಬ್ಯಾಂಕಿನ ಗುಮಾಸ್ತರದು ಬೆನ್ನಿನ ಎರಡು ಭಾಗ ಎತ್ತರ ತಗ್ಗಾಗಿದ್ದನ್ನು ಸರಿಮಾಡಿದ್ದು, ಮೂಟೆಗಂಟು. ಅಂಚೆಯವನ ಮದುವೆಯ ಕೋಟಿನಲ್ಲಿ ಜೇಬು ತೆಗೆಯಲು ಹೋಗಿ ಕತ್ತರಿ ಎದೆಯವರೆಗೂ ಹರಿದುಕೊಂಡು ಹೋಗಿತ್ತು. ಅದನ್ನು ಕೂಡಿಸಿದ ಹೊಲಿಗೆ ಎಷ್ಟು ನಯವಾಗಿತ್ತೆಂದರೆ, ದರ್ಜಿ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಬೇಕಾಯಿತು. ತನ್ನಿಂದ ಆಗುತ್ತಿತ್ತೆ ಅದು? ಒಳ್ಳೆಯ ದಿನದಲ್ಲಿ, ನೀರು ಮಾತ್ರ ಕುಡಿದಿದ್ದರೂ, ಆಗುತ್ತಿರಲಿಲ್ಲ. ಹನ್ನೊಂದು ಕೋಟುಗಳಲ್ಲಿ ಒಂಬತ್ತರ ಹೊಟ್ಟೆಯೊಳಗೆ ಆ ಗಂಟಿತ್ತು. ಉಳಿದೆರಡು ಅವನು ಕುಡಿಯಲು ಕಲಿಯುವ ಮೊದಲಿನವು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಹೊಡೆಯಲು ಹೋದ ಎನ್ನುತ್ತಾರೆ. ಇಲ್ಲಿ ಅದಕ್ಕಿಂತ ಹೆಚ್ಚಾಗಿತ್ತು. ಆ ಹೆಗ್ಗಣವನ್ನು ಪ್ರತಿ ವರ್ಷ ಎತ್ತಿ ಹಾಕಿದವರ ಎಲೆಯನ್ನೇ ಇವನು ಬೀದಿಗೆಲ್ಲ ತೋರಿಸಿ ನಗಿಸಿದ್ದ. ಮೂರು ವರ್ಷದಿಂದ ಎಷ್ಟು ಜನರ ಮುಂದೆ ಈ ಕೈ ಎತ್ತಿ ತೋರಿಸಿದ್ದೇನೆ ಎಂದು ಲೆಕ್ಕಹಾಕಲು ಹೋಗಿ, ಅರ್ಧಕ್ಕೇ ಬಿಟ್ಟ. ನಾಚಿಕೆಗೆ ಮೈಯೆಲ್ಲ ತುರಿಸುತ್ತಿತ್ತು. ಹೆಂಡತಿ ಮಹಡಿಯಲ್ಲಿ ನಡೆದಾಡುವ ಸದ್ದು ಕೇಳಿದರೂ ತಲೆ ತಗ್ಗಿಸುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಹೊಸಬನೊಬ್ಬ ಬಂದು ಪ್ಯಾಂಟಿನ ಬಟ್ಟೆಯ ಗಂಟು ಕೊಟ್ಟ. ಬೀದಿಗೆ ಬಂದು ಎರಡು ತಿಂಗಳಾಗಿತ್ತಷ್ಟೇ. ರೂಢಿ ಯಾರೋ ಹೇಳಿಕೊಟ್ಟಿದ್ದರು, ಬಿಟ್ಟ ಸುದ್ದಿ ಹೇಳಿರಲಿಲ್ಲ. "ಸ್ವಲ್ಪ ಭಾರ ಇದೆ, ಜೋಪಾನ" ಎಂದು ಕಣ್ಣು ಮಿಟುಕಿಸಿ ಹೋದ.

ದರ್ಜಿ ಗಂಟು ಬಿಚ್ಚಿದ. ನೀರಿನ ಬಣ್ಣದ ಬಾಟಲಿ, ಮುಚ್ಚಳ ಒಡೆದಿರಲಿಲ್ಲ. ಬೇರೆ ದಿನವಾಗಿದ್ದರೆ ಹೊಸಬನನ್ನು ಕೂಗಿ ಕರೆದು, ಕೈ ಚಾಚಿಸಿ ನಿಲ್ಲಿಸಿ, ತನ್ನ ಕಥೆಯನ್ನು ಹೇಳಿ ಕಳಿಸುತ್ತಿದ್ದ. ಆ ದಿನ ಹೇಳಲು ಕಥೆಯೇ ಉಳಿದಿರಲಿಲ್ಲ. ಕೈ ಕುಡಿದಿಲ್ಲ ಎಂಬ ಒಂದು ಗೂಟಕ್ಕೆ ಮೂರು ವರ್ಷ ತನ್ನನ್ನು ಕಟ್ಟಿಹಾಕಿಕೊಂಡಿದ್ದ. ಗೂಟವೇ ಕಿತ್ತುಬಂದ ಮೇಲೆ ನಿಂತರೇನು, ಬಿದ್ದರೇನು? ಒಂದು ಗುಟುಕು ಹಾಕಿದರೆ ಆ ಒಂಬತ್ತು ಕೋಟುಗಳು ಸಂಜೆಯವರೆಗಾದರೂ ಕಣ್ಣಿನಿಂದ ಮರೆಯಾಗುತ್ತವೆ. ಬಾಯಿಯಲ್ಲಿ ನೀರೂರಿತು. ಊರಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಬಾಟಲಿಯನ್ನು ಮೇಜಿನ ಕೆಳಗಿಟ್ಟ, ಮತ್ತೆ ತೆಗೆದ, ಮತ್ತೆ ಇಟ್ಟ. ಕೊನೆಗೆ ಅದನ್ನು ಅಂಗಿಯೊಳಗೆ ತುರುಕಿಕೊಂಡು, ಅಂಗಡಿಯ ಬಾಗಿಲು ತೆರೆದಿದ್ದಂತೆಯೇ ಬಿಟ್ಟು ಹೊರಟ. ಯೋಚಿಸಲು ನಿಂತರೆ ಕಾಲು ಬೇರೆ ಕಡೆ ಹೋಗುತ್ತದೆಂದು ಓಡುನಡಿಗೆಯಲ್ಲೇ ಹಿಂದಿನ ಬೀದಿಗೆ ತಿರುಗಿದ.

ಗೋಣಿ ಮೇಷ್ಟ್ರು ಉದ್ದನೆಯ ಪರದೆಯೊಂದರ ಅಂಚು ಮಡಿಯುತ್ತಿದ್ದರು. ಇವನನ್ನು ನೋಡಿ ಯಂತ್ರ ನಿಲ್ಲಿಸಿದರು. ಹನ್ನೆರಡು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿರಲಿಲ್ಲ. ದರ್ಜಿ ಬಾಟಲಿಯನ್ನು ತೆಗೆದು ಅವರ ಮುಂದಿಟ್ಟ.

"ಇದನ್ನ ನೀವು ಇಟ್ಕೊಳ್ಳಿ. ನನ್ನ ಹತ್ರ ಇದ್ರೆ ಇವತ್ತು ಕೆಟ್ಟದಾಗುತ್ತೆ."

ಮೇಷ್ಟ್ರು ಬಾಟಲಿಯನ್ನು ತಿರುಗಿಸಿ ನೋಡಿದರು. "ನಾನು ಕುಡಿಯೋದಿಲ್ಲ. ಆದರೆ ಪರದೆ ಮೇಲಿನ ಶಾಯಿ ಕಲೆ ತೆಗೆಯೋಕೆ ಬರುತ್ತೆ, ಇರ್ಲಿ." ಅದನ್ನು ಎಣ್ಣೆ ಡಬ್ಬಿಯ ಪಕ್ಕ ಇಟ್ಟು, ಸ್ಟೂಲಿನ ಮೇಲಿನ ಬಟ್ಟೆ ಸರಿಸಿದರು. "ಕೂತ್ಕೊಳ್ಳಿ. ಹಳೆ ಕೋಟಿಗೆ ಉಚಿತ ಇಸ್ತ್ರಿ ಅಂತ ಕೇಳಿದಾಗಲೇ ಅಂದ್ಕೊಂಡೆ, ಇವತ್ತೋ ನಾಳೆಯೋ ಬರ್ತೀರಿ ಅಂತ."

ದರ್ಜಿ ಕೂರಲಿಲ್ಲ. "ಎಷ್ಟು ಕೋಟು?"

"ಲೆಕ್ಕ ಇಡಲಿಲ್ಲ. ಆರು ವರ್ಷ ನಡೀತು. ನಿಮ್ಮ ಕತ್ತರಿ ಕೆಲಸ ಚೆನ್ನಾಗೇ ಇರ್ತಿತ್ತು ಬಿಡಿ. ಒಂದು ತೋಳು ಉದ್ದ, ಒಂದು ಗಿಡ್ಡ, ಅಷ್ಟೇ." ಅವರ ಮೀಸೆಯ ಅಂಚು ಸ್ವಲ್ಪ ನಕ್ಕಿತು. "ಆ ಹಲ್ಲಿನ ಡಾಕ್ಟರದು ಮಾತ್ರ ಎರಡು ದಿನ ನಿದ್ದೆಗೆಡಿಸಿತು."

"ಇವಳು ನಿಮಗೆ ಏನು ಕೊಟ್ಟಳು?"

"ಏನು ಕೊಡೋಕಿತ್ತು ಪಾಪ, ನೀವು ಏನು ಉಳಿಸಿದ್ರಿ? ಬಟ್ಟೆ ತಗೊಂಡು ಬರೋರು, ಇಲ್ಲೇ ಒಳಗೆ ಕೂತು ನನ್ನ ಪರದೆಗೆಲ್ಲ ತೂಗುಹಾಕೋ ಬಳೆ ಹೊಲಿದು ಕೊಡೋರು, ದಿಂಬಿನ ಚೀಲಕ್ಕೆ ಗುಂಡಿ ಹಾಕೋರು. ನಾನು ಕೋಟು ಸರಿ ಮಾಡೋವರೆಗೂ ಕೂತಿರೋರು. ಮಧ್ಯಾಹ್ನ ಪೂರ್ತಿ."

ಮಧ್ಯಾಹ್ನ. ದರ್ಜಿಗೆ ನೆನಪಾಯಿತು, ನೆನಪಾಗದಿದ್ದರೆ ಚೆನ್ನಾಗಿತ್ತು. ರಜೆಯ ಆ ಮಧ್ಯಾಹ್ನಗಳಲ್ಲಿ ಅವಳು ಅಕ್ಕನ ಮನೆಗೆ ಎಂದು ಹೋಗುತ್ತಿದ್ದಳು. ಸಂಜೆ ಬೆರಳ ತುದಿಗೆ ಬಟ್ಟೆಯ ಚೂರು ಸುತ್ತಿಕೊಂಡು ಬಂದವಳನ್ನು ಇವನು ಮೆಟ್ಟಿಲ ಬುಡದಲ್ಲೇ ತಡೆದು, ಇಡೀ ಬೀದಿಗೆ ಕೇಳುವಂತೆ ಬೈಯುತ್ತಿದ್ದ. ರಜೆ ಬಂದರೆ ಸಾಕು, ಗಂಡನನ್ನು ದುಡಿಯಲು ಬಿಟ್ಟು ತವರಿನವರ ಮನೆಯಲ್ಲಿ ಕಾಲು ಚಾಚುತ್ತಾಳೆ ಎಂದು. ಒಮ್ಮೆ ಅದಕ್ಕಿಂತ ಹೊಲಸು ಮಾತೂ ಆಡಿದ್ದ. ಅವಳು ತಲೆ ಬಗ್ಗಿಸಿ ಮೇಲೆ ಹೋಗಿದ್ದಳು. ದರ್ಜಿ ಈಗ ಸ್ಟೂಲಿನ ಮೇಲೆ ಕೂತ.

"ನೀವ್ಯಾಕೆ ಒಪ್ಪಿದ್ರಿ? ನಾನು ನಿಮಗೆ ಮಾಡಿದ್ದಕ್ಕೆ, ಆ ಬಟ್ಟೇನ ಬೀದಿಗೆ ಎಸೀಬೇಕಿತ್ತು ನೀವು."

ಗೋಣಿ ಮೇಷ್ಟ್ರು ಪರದೆಯ ಅಂಚನ್ನು ಉಗುರಿನಿಂದ ಗೀರಿ ನೇರ ಮಾಡಿದರು.

"ಮೊದಲ ದಿನ ಎಸೀಬೇಕು ಅಂತಲೇ ಇದ್ದೆ. ಆದರೆ ನೋಡಿ, ನೀವು ಹೆಸರಿಟ್ಟ ಮೇಲೆ ನನ್ನ ಹತ್ರ ಕೋಟು ತರೋರೇ ಇರಲಿಲ್ಲ. ವರ್ಷವೆಲ್ಲ ಪರದೆ, ದಿಂಬು. ನಿಮ್ಮ ಮನೆಯವ್ರು ತಂದಾಗ ಮಾತ್ರ ಒಂದು ಕೋಟು ಮುಟ್ಟೋಕೆ ಸಿಗೋದು. ಅದಕ್ಕೇ ಒಪ್ಪಿದೆ. ನಿಮಗೋಸ್ಕರ ಅಲ್ಲ."

ದರ್ಜಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೆ ಇನ್ನೂ ಒಳ್ಳೆಯದಿತ್ತು.

"ಆ ಹೆಸರು... ನಾನು ಎಲ್ಲರಿಗೂ ಹೇಳ್ತೀನಿ, ಹಾಗೆ ಕರೀಬೇಡಿ ಅಂತ."

"ಈಗ ಬೇಡಪ್ಪ. ಕಾಗದ ಪತ್ರನೂ ಅದೇ ಹೆಸರಿಗೆ ಬರುತ್ತೆ. ಬದಲಾಯಿಸಿದ್ರೆ ಅಂಚೆಯವನಿಗೆ ಮನೆ ಸಿಗೋದಿಲ್ಲ." ಅವರು ಯಂತ್ರದ ಕಡೆ ತಿರುಗಿದರು. "ಹೋಗಿ, ಅಂಗಡಿ ತೆರೆದಿಟ್ಟು ಬಂದಿದ್ದೀರಿ ಅನ್ಸುತ್ತೆ. ಮತ್ತೆ ಯಾರಾದ್ರೂ ಕೊಟ್ರೆ ತಂದುಬಿಡಿ. ಕಲೆಗಳು ಬೇಕಾದಷ್ಟಿವೆ."

ಭಾನುವಾರ ಶಾಲೆಯ ಕೋಣೆ ತುಂಬಿತ್ತು. ಬಿಟ್ಟವರು, ಅವರ ಹೆಂಡಿರು, ಒಂದಿಬ್ಬರ ತಾಯಂದಿರು. ದರ್ಜಿಯ ಹೆಂಡತಿ ಮೂರನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಇಬ್ಬರೂ ಇನ್ನೂ ಆ ವಿಷಯ ಎತ್ತಿರಲಿಲ್ಲ. ದರ್ಜಿ ಎರಡು ದಿನ ಪ್ರಯತ್ನಿಸಿ, ಪ್ರತಿ ಸಲವೂ ಉಪ್ಪು ಕೇಳಿ ಮುಗಿಸಿದ್ದ. ಲಾರಿ ಡ್ರೈವರು ಅವನ ಬೆನ್ನು ತಟ್ಟಿ ಮುಂದಕ್ಕೆ ಕಳಿಸಿದರು.

ಅವನು ಕರಿಹಲಗೆಯ ಮುಂದೆ ನಿಂತ. ಇಸ್ತ್ರಿ ಮಾಡಿಟ್ಟಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನೇ ಹೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತಿತ್ತು? ಗೊತ್ತಿದ್ದವರು ಇಬ್ಬರು. ಒಬ್ಬರು ಬಂದಿರಲಿಲ್ಲ, ಇನ್ನೊಬ್ಬಳು ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಅಭ್ಯಾಸವಿದ್ದವಳು.

"ಈ ಕೈ ಕುಡಿದಿಲ್ಲ ಅಂತ ನಿಮಗೆಲ್ಲ ಹೇಳ್ತಾ ಬಂದಿದ್ದೀನಿ," ಎಂದ. "ಅದು ಸುಳ್ಳು. ನನಗೆ ಸುಳ್ಳು ಅಂತ ಗೊತ್ತಿರಲಿಲ್ಲ, ಆದರೂ ಸುಳ್ಳೇ. ಈ ಕೈ ಎಲ್ಲಕ್ಕಿಂತ ಜಾಸ್ತಿ ಕುಡಿದಿತ್ತು." ಆಮೇಲೆ ಒಂದೊಂದಾಗಿ ಹೇಳಿದ. ಎರಡು ಎಡದೋಳು, ಎದೆಯವರೆಗೆ ಹರಿದ ಕತ್ತರಿ, ಹಿಂದಿನ ಬೀದಿಯ ಅಂಗಡಿ, ತಾನಿಟ್ಟ ಹೆಸರು, ಆ ಹೆಸರು ಕಿತ್ತುಕೊಂಡ ಕೆಲಸ. ಹೆಂಡತಿಯ ಮಧ್ಯಾಹ್ನಗಳ ವಿಷಯ ಬಂದಾಗ ಅವಳ ಕಡೆ ನೋಡಲಾಗಲಿಲ್ಲ. ಕಿಟಕಿಯ ಸರಳನ್ನು ನೋಡುತ್ತ ಹೇಳಿದ. ಮೆಟ್ಟಿಲ ಬುಡದಲ್ಲಿ ಆಡಿದ ಮಾತನ್ನೂ ಹೇಳಿದ, ಹೊಲಸು ಮಾತೊಂದನ್ನು ಬಿಟ್ಟು. "ಕೃತಜ್ಞತೆ ಹೇಳೋಕೆ ನಿಲ್ಲಿಸಿದ್ದೀರಿ. ಬಿಟ್ಟಿದ್ದಕ್ಕೆ ನಾನು ಋಣಿ, ಯಾಕಂದ್ರೆ ಬಿಡದೇ ಇದ್ದಿದ್ರೆ ಇದು ಕಣ್ಣಿಗೆ ಕಾಣ್ತಾನೇ ಇರಲಿಲ್ಲ. ಅಷ್ಟೇ. ಚಪ್ಪಾಳೆ ಹೊಡೀಬೇಡಿ ದಯವಿಟ್ಟು."

ಯಾರೂ ಹೊಡೆಯಲಿಲ್ಲ. ಡ್ರೈವರು ಮುಂದಿನವರನ್ನು ಕರೆದರು.

ಮನೆ ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರ. ಹೆಂಡತಿ ಆ ಕಡೆ ತಿರುಗದೆ, ಶಾಲೆಯ ಗೋಡೆಯ ಉದ್ದಕ್ಕೂ ನಡೆಯತೊಡಗಿದಳು. ದರ್ಜಿ ಹಿಂದೆ ಹೋದ. ಅಳುತ್ತಿದ್ದಾಳೆಂದು ತಿಳಿದಿದ್ದ. ಗೋಡೆ ಮುಗಿಯುವಲ್ಲಿ ಅವಳು ತಿರುಗಿದಾಗ ಕಣ್ಣು ಒಣಗಿಯೇ ಇತ್ತು, ಮುಖ ಕೆಂಪಾಗಿತ್ತು.

"ಯಾರನ್ನ ಕೇಳಿ ಹೇಳಿದ್ರಿ?"

ದರ್ಜಿ ತಬ್ಬಿಬ್ಬಾದ. "ನಿಜ ತಾನೆ..."

"ನಿಜ ನನಗೆ ಗೊತ್ತಿಲ್ವಾ? ಆರು ವರ್ಷ ಬೆರಳು ಚುಚ್ಚಿಕೊಂಡು ನಿಮ್ಮ ಹೆಸರು ಕಾಪಾಡಿದ್ದೀನಿ. ಹತ್ತು ನಿಮಿಷದಲ್ಲಿ ತೆಗೆದು ಬೀದಿಗೆ ಹಾಕಿಬಿಟ್ರಿ. ಒಂದು ಮಾತು ನನ್ನನ್ನ ಕೇಳಬಾರದಿತ್ತಾ? ಮನೇಲಿ ಹೇಳೋಕೆ ಬಾಯಿ ಬರಲಿಲ್ಲ, ಅಲ್ಲಿ ಬಂತು."

ನಾಚಿಕೆಯನ್ನು ಕಳೆದುಕೊಳ್ಳಲು ಹೋದಲ್ಲಿ ಇನ್ನೊಂದು ನಾಚಿಕೆ ಕೈಗೆ ಸಿಕ್ಕಿತ್ತು. ತಪ್ಪೊಪ್ಪಿಕೊಂಡದ್ದೂ ಜನರ ಮೆಚ್ಚುಗೆ ಗಳಿಸಲೆಂದೇ ಆದಂತಾಯಿತಲ್ಲ ಎಂದು ಅವನಿಗೇ ಅನಿಸಿತು. ಅವನು ಗೋಡೆಗೆ ಒರಗಿ ಕೇಳಿದ, "ನಾನು ಕುಡಿಯೋವಾಗ ನೀನು ಮುಚ್ಚಿಟ್ಟೆ, ಸರಿ. ಬಿಟ್ಟು ಮೂರು ವರ್ಷ ಆಯ್ತಲ್ಲ. ಆಮೇಲಾದ್ರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮತ್ತೆ ಕುಡೀತೀರಿ ಅಂತ ಭಯ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹಾಲು ಮುಗಿದಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. "ಬೇರೆ ಎಲ್ಲಾ ಹೋಗಿತ್ತು ನಿಮಗೆ. ಆ ಕೈ ಮೇಲಿನ ಹೆಮ್ಮೆ ಒಂದೇ ಉಳಿದಿತ್ತು. ಅದನ್ನೂ ಕಿತ್ಕೊಂಡ್ರೆ ಯಾವುದನ್ನ ಹಿಡ್ಕೊಂಡು ನಿಲ್ತೀರಿ ಅಂತ."

"ಮೂರು ವರ್ಷಾನೂ ಭಯ ಇತ್ತಾ?"

"ರಜೆ ಬಂದ್ರೆ ಇರುತ್ತೆ. ನೀವು ಮೆಟ್ಟಿಲು ಹತ್ತೋ ಸದ್ದು ಕೇಳ್ಕೊಂಡೇ ಇರ್ತೀನಿ, ಹೆಜ್ಜೆ ಸರಿಯಾಗಿ ಬೀಳ್ತಿದೆಯಾ ಅಂತ."

ಮೂರು ವರ್ಷ ಅವನು ಬೀದಿಗೆಲ್ಲ ಬಿಟ್ಟೆ, ಬಿಟ್ಟೆ ಎಂದು ಸಾರಿದ್ದ. ಅವನ ಪಾಲಿಗೆ ಮುಗಿದುಹೋದದ್ದು ಅವಳ ಪಾಲಿಗೆ ಪ್ರತಿ ಸಂಜೆಯೂ ಮೆಟ್ಟಿಲು ಹತ್ತಿ ಬರುತ್ತಿತ್ತು.

"ಇವತ್ತು?"

"ಇವತ್ತು ಜಾಸ್ತಿ. ಆ ಹೆಮ್ಮೆನೂ ಹೋಯ್ತಲ್ಲ."

ಮರುದಿನ ಬೆಳಿಗ್ಗೆ ಹಲ್ಲಿನ ಡಾಕ್ಟರು ಬಂದರು. ಸುದ್ದಿ ಅವರಿಗಿಂತ ಮೊದಲು ಅವರ ಆಸ್ಪತ್ರೆ ತಲುಪಿತ್ತು. "ಹಾಗಾದ್ರೆ ಐದು ವರ್ಷದಿಂದ ನನ್ನ ಬಲಗೈ ತಿರುಗುಮುರುಗಾ?" ಎಂದು ತೋಳನ್ನು ಎತ್ತಿ ಎತ್ತಿ ನೋಡಿಕೊಂಡರು. ದರ್ಜಿ ಹೌದೆಂದ. ಹೊಸ ಕೋಟು ಬೇಕಾದರೆ ಹಿಂದಿನ ಬೀದಿಗೆ ಹೋಗಿ ಎಂದ. ಆ ವಾರ ಹಾಗೆ ನಾಲ್ಕು ಜನರನ್ನು ಕಳಿಸಿದ. ಇಬ್ಬರು ಹೋದರು. ಇನ್ನಿಬ್ಬರು ನಕ್ಕು, "ಗೋಣಿ ಮೇಷ್ಟ್ರ ಹತ್ರಾನಾ?" ಎಂದರು. ಆಡಿದ ಮಾತನ್ನು ಹಿಂದಕ್ಕೆ ತರಲು ಎಷ್ಟು ವರ್ಷ ಬೇಕೋ ಎಂದು ದರ್ಜಿ ತಲೆ ತಗ್ಗಿಸಿ ಗುಂಡಿ ಹಾಕಿದ.

ಆ ಸೋಮವಾರ ಬೆಳಿಗ್ಗೆ, ಡಾಕ್ಟರು ಬರುವ ಮೊದಲೇ, ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದ್ದ. "ಭಯ ಇದೆಯಾ?"

ಅವಳು ತಿರುಗಿ ನೋಡದೆ, "ಇದೆ" ಎಂದಿದ್ದಳು.

ಮರುದಿನವೂ ಕೇಳಿದ. ಕೇಳುವಾಗ ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು. ಆದರೂ ಕೇಳಿದ, ಉತ್ತರ ಕೇಳಿಸಿಕೊಳ್ಳುವುದು ತನ್ನ ಪಾಲಿನ ಕೆಲಸವೆಂಬಂತೆ. ಒಂದು ದಿನ "ಇದೆ, ನಿನ್ನೆಗಿಂತ ಕಡಿಮೆ" ಎಂದಳು. ಇನ್ನೊಂದು ದಿನ ಮತ್ತೆ ಹೆಚ್ಚಾಗಿತ್ತು, ಹಿಂದಿನ ಸಂಜೆ ಅವನು ಗಿರಾಕಿಯ ಮನೆಯಿಂದ ತಡವಾಗಿ ಬಂದಿದ್ದ. "ಸುಮ್ನಿರಿ ಅತ್ಲಾಗೆ, ದಿನಾ ಕೇಳಿದ್ರೆ ಏನು ಹೇಳೋದು" ಎಂದು ಒಂದು ದಿನ ಗದರಿದಳು. ಅದನ್ನು ಅವನು "ಇದೆ" ಎಂದೇ ತಿಳಿದುಕೊಂಡ.

ರಜೆ ಮುಗಿದು ಶಾಲೆ ತೆರೆದ ದಿನ ಎದುರಿನ ಗೇಟಿನಲ್ಲಿ ಮಕ್ಕಳ ಗದ್ದಲ. ಅವಳು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಹಿಂದಿನ ದಿನ ತಂದ ಸೊಪ್ಪು ಬಾಡಿತ್ತೆಂದು ಅಂಗಡಿಯವನನ್ನು ಬೈಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಕೇಳಿದ.

"ಭಯ ಇದೆಯಾ?"

ಅವಳು ಸೊಪ್ಪು ಹಿಡಿದುಕೊಂಡೇ ನಿಂತು ಯೋಚಿಸಿದಳು.

"ನೋಡಿ, ಇವತ್ತು ನೆನಪೇ ಆಗಿರಲಿಲ್ಲ. ನೀವು ಕೇಳಿದ ಮೇಲೆ ನೆನಪಾಯ್ತು."

ಮರುದಿನದಿಂದ ಅವನು ಕೇಳುವುದನ್ನು ಬಿಟ್ಟ.